ಎಂಟನೆಯ ಒತ್ತು

ಟಕ್. ಟಕ್. ಟಕ್. ಯಾರೋ ಉಗುರಿನಿಂದ ಮೇಜು ಕುಟ್ಟಿದಂತೆ ಕಚೇರಿಯ ರೇಡಿಯೋದಲ್ಲಿ ಸಣ್ಣ ಸದ್ದು. ಏಳು ಸಲ. ಮರುಕ್ಷಣವೇ ಕಿಟಕಿಯಾಚೆ ರನ್‌ವೇಯ ದೀಪಗಳು ಎರಡು ಸಾಲಾಗಿ ಹೊತ್ತಿಕೊಂಡವು.

ಆರ್ಡಿತ್ ಹೆಣಿಗೆ ಕೆಳಗಿಟ್ಟು ಕಿವಿಗೊಟ್ಟಳು. ವಿಮಾನದ ಸದ್ದಿಲ್ಲ. ಕಟಾವಾದ ಜೋಳದ ಹೊಲಗಳ ಮೇಲೆ ನೆಬ್ರಾಸ್ಕಾದ ಗಾಳಿ, ಅಷ್ಟೇ.

ಕೌಂಟಿಯ ಆ ಪುಟ್ಟ ವಿಮಾನ ನಿಲ್ದಾಣಕ್ಕೆ ಅವಳೊಬ್ಬಳೇ ಮೇಲ್ವಿಚಾರಕಿ. ರಾತ್ರಿ ದೀಪ ಹಾಕಲು ಅಲ್ಲಿ ಯಾರೂ ಕಾಯಬೇಕಿಲ್ಲ. ಇಳಿಯುವವರು ಆಕಾಶದಿಂದಲೇ ರೇಡಿಯೋದ ಗುಂಡಿಯನ್ನು ಏಳು ಸಲ ಒತ್ತಿದರೆ ದೀಪಗಳು ಹತ್ತುತ್ತವೆ, ಸ್ವಲ್ಪ ಹೊತ್ತಿಗೆ ತಾವೇ ಆರುತ್ತವೆ. ಪೈರಿಗೆ ಔಷಧಿ ಸಿಂಪಡಿಸುವ ವಿಮಾನದ ಪೈಲಟ್ ಲೂಮಿರ್ ಹಾವ್ರಾನೆಕ್‌ಗೆ ಮಾತ್ರ ಒಂದು ಅಭ್ಯಾಸವಿತ್ತು. ದೀಪ ಕಂಡ ಮೇಲೆ ಇನ್ನೊಂದು ಸಲ ಒತ್ತುತ್ತಿದ್ದ, ಉಪಕಾರವಾಯಿತು ಎನ್ನುವ ಹಾಗೆ. ಆ ಎಂಟನೆಯ ಒತ್ತು ಕೇಳಿಸಿದರೆ ಆರ್ಡಿತ್ ಕಾಫಿಗೆ ನೀರಿಡುತ್ತಿದ್ದಳು. ವಿಮಾನ ಬಿದ್ದು ಅವನು ಸತ್ತು ವರ್ಷವಾಗಿತ್ತು.

ಈ ಚಳಿಗಾಲವಿಡೀ ಏಳೇ ಒತ್ತಿಗೆ ದೀಪ ಹತ್ತುತ್ತಿತ್ತು, ಎಂಟನೆಯದು ಬರುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ.

"ದೆವ್ವಗಳಿಗೆ ದೀಪ ಹಿಡಿಯೋದು ಕೌಂಟಿ ಕೆಲಸ ಅಲ್ಲ ಕಣಮ್ಮ," ಎಂದಿದ್ದ ಬೆಳಿಗ್ಗೆ ಕೌಂಟಿ ಮಂಡಳಿಯ ರಾಯ್ಸ್. "ಇದು ಯಾರ ಕಿತಾಪತಿ ಅಂತ ನಾಳೆ ಸಭೇಲಿ ಹೇಳು. ಇಲ್ದಿದ್ರೆ ರೇಡಿಯೋ ಕೇಳಿ ದೀಪ ಹತ್ತಿಸೋ ಆ ಪೆಟ್ಟಿಗೇನೇ ಕಿತ್ತುಹಾಕಿಸ್ತೀನಿ."

ಆರ್ಡಿತ್ ಟಾರ್ಚ್ ಹಿಡಿದು ಬೇಲಿಯುದ್ದಕ್ಕೂ ನಡೆದಳು. ಆಚೆ ಕಡೆ ಒಂದು ಹಳೆಯ ಪಿಕಪ್ ನಿಂತಿತ್ತು. ಒಳಗೆ ಲೂಮಿರ್‌ನ ಹೆಂಡತಿ ವ್ಲಾಸ್ತಾ, ಮಡಿಲಲ್ಲಿ ಗಂಡನ ಕೈರೇಡಿಯೋ.

"ದೆವ್ವ ಅಂದ್ಕೊಂಡ್ಯಾ? ದೆವ್ವಕ್ಕೆ ಇಷ್ಟೊಂದು ಮಂಡಿನೋವು ಇರತ್ತೇನೇ? ಹತ್ತಿ ಕೂತ್ಕೋ, ಚಳಿ ಒಳಗೆ ಬರ್ತಿದೆ."

ಆರ್ಡಿತ್ ಹತ್ತಿ ಕೂತಳು. ವ್ಲಾಸ್ತಾ ಗಸಗಸೆ ತುಂಬಿದ ಕೊಲಾಚಿ ಬನ್ನೊಂದನ್ನು ಅವಳ ಕೈಗಿಟ್ಟಳು.

"ಯಾಕೆ ಆಂಟಿ ಹೀಗೆ?"

"ಅವನು ಹೋದ ರಾತ್ರಿ ತಂತಿ ಮೇಲೆ ಮಂಜುಗಡ್ಡೆ ಬಿದ್ದು ಊರಿಗೇ ಕರೆಂಟ್ ಹೋಗಿತ್ತಲ್ಲ. ದಿಗಿಲಾಗಿ ಮನೇಲಿದ್ದ ಈ ರೇಡಿಯೋ ಹಾಕ್ದೆ. ಅವತ್ತೇ ಮೊದಲು ನಾನು ಇದನ್ನ ಮುಟ್ಟಿದ್ದು. ಮೇಲಿಂದ ಅವನು ಒತ್ತುತ್ತಾನೇ ಇದ್ದ ಕಣೇ, ಇದರಲ್ಲಿ ಕೇಳಿಸ್ತಿತ್ತು. ಏಳು, ಮತ್ತೆ ಏಳು. ದೀಪ ಬರ್ಲೇ ಇಲ್ಲ." ಅವಳು ರನ್‌ವೇ ಕಡೆ ನೋಡಿದಳು. "ಈಗಾದ್ರೂ ಬರ್ಲಿ ಅಂತ."

ಆರ್ಡಿತ್ ಬನ್ನನ್ನು ಮಡಿಲಲ್ಲಿಟ್ಟುಕೊಂಡಳು. "ನಾಳೆ ನಿಮ್ಮ ಹೆಸರು ಹೇಳಬೇಕಾಗತ್ತೆ. ಹೇಳದೇ ಇದ್ರೆ ಪೆಟ್ಟಿಗೆ ಕೀಳ್ತಾರೆ. ಆಮೇಲೆ ನಿಜವಾಗ್ಲೂ ಯಾರಾದ್ರೂ ದಾರಿ ತಪ್ಪಿ ಬಂದ್ರೆ?"

ವ್ಲಾಸ್ತಾ ರೇಡಿಯೋದ ಬ್ಯಾಟರಿ ತೆಗೆದು, ರೇಡಿಯೋ ಬ್ಯಾಟರಿ ಎರಡನ್ನೂ ಆರ್ಡಿತ್‌ಳ ಕೋಟಿನ ಜೇಬಿಗೆ ತುರುಕಿದಳು. "ತಗೊಂಡ್ಹೋಗು. ನನ್ನ ಹತ್ರ ಇದ್ರೆ ಕೈ ಸುಮ್ನಿರಲ್ಲ. ಇನ್ಮೇಲೆ ರಾತ್ರಿ ಮಲಗ್ತೀನಿ."

ಪಿಕಪ್‌ನ ಕೆಂಪು ದೀಪಗಳು ಹಳ್ಳಿಯ ಕಡೆ ತಿರುಗಿ ಮರೆಯಾದವು. ಆರ್ಡಿತ್ ಕಚೇರಿಗೆ ಬಂದು ಬಾಗಿಲು ಹಾಕಿದಳು, ಎಳೆದು ನೋಡಿದಳು. ರನ್‌ವೇ ಆರಿ ಕತ್ತಲಾಯಿತು. ಜೇಬಿನ ರೇಡಿಯೋವನ್ನು ಮೇಜಿನ ಮೇಲಿಟ್ಟಳು, ಬ್ಯಾಟರಿಯನ್ನು ದೂರ, ಬೇರೆ.

ಟಕ್.

ಅವಳು ಅಲುಗಲಿಲ್ಲ. ಕಚೇರಿಯ ರೇಡಿಯೋ ಅವಸರವಿಲ್ಲದೆ, ಅದೂ ಸೇರಿ ಏಳು ಸಲ ಸದ್ದು ಮಾಡಿತು. ಹೊರಗೆ ದೀಪಗಳು ಹತ್ತಿದವು. ಆಕಾಶ ಖಾಲಿಯಾಗಿತ್ತು. ಗಾಳಿಯೂ ನಿಂತಿತ್ತು.

ಆಮೇಲೆ, ದೀಪಗಳನ್ನು ನೋಡಿ ಗುರುತು ಹಿಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು, ಇನ್ನೊಂದು ಟಕ್.

ಆರ್ಡಿತ್‌ಳ ಕೈ ತಾನಾಗಿ ಕಾಫಿ ಪಾತ್ರೆಯತ್ತ ಚಾಚಿ, ಅರ್ಧದಲ್ಲೇ ನಿಂತಿತು.

ನಾಳೆ ರಾಯ್ಸ್ ಕೇಳಿದರೆ, ಪೈಲಟ್ ಒಬ್ಬರು ದೀಪ ಕೇಳಿದರು, ಪೆಟ್ಟಿಗೆ ಇರಬೇಕು ಎಂದಷ್ಟೇ ಹೇಳುವುದು. ಅದರಲ್ಲಿ ಸುಳ್ಳಿಲ್ಲ. ವ್ಲಾಸ್ತಾಳ ಹೆಸರು ಬಾಯಿಗೆ ಬರಬಾರದು. ಎಂಟನೆಯ ಒತ್ತಿನ ವಿಷಯ ವ್ಲಾಸ್ತಾಳ ಕಿವಿಗೂ ಬೀಳಬಾರದು. ಬಿದ್ದರೆ ಅವಳು ಬೇಲಿಯ ಬಳಿಯಿಂದ ಮತ್ತೆ ಮನೆಗೆ ಹೋಗುವುದಿಲ್ಲ. ದೀಪಗಳು ಆರುವ ತನಕ ಆರ್ಡಿತ್ ಕಿಟಕಿಗೆ ಬೆನ್ನು ಹಾಕಿ ಕೂತಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.