ಕೆಳಗೆ ತೂಗುವ ಪಟ

ನಮ್ಮ ನಡುಮನೆಯಲ್ಲಿ ಅತ್ತೆಯ ಪಟ ನೆಲದಿಂದ ಒಂದು ಮೊಳ ಎತ್ತರದಲ್ಲಿ ತೂಗುತ್ತದೆ. ಬಂದವರು, "ಹಿರಿಯರ ಪಟನ ಹಿಂಗೆ ಕಾಲ ಹತ್ರ ಹಾಕೋದುಂಟಾ?" ಎಂದು ಗೊಣಗುತ್ತಾರೆ. ನಾನು ಕೂತು ಹಪ್ಪಳ ಒತ್ತುತ್ತಲೇ ಇರುತ್ತೇನೆ.

ಅತ್ತೆ ಸಾತಮ್ಮ ನನ್ನನ್ನು ಆರಿಸಿದ್ದೇ ಕಣ್ಣು ನೋಡಿ. ಹೆಣ್ಣು ನೋಡಲು ಬಂದ ದಿನ ಅವರೆಲ್ಲ ಬೆಂಚಿನ ಮೇಲಿದ್ದರು, ನಾನು ಚಾಪೆಯ ಮೇಲಿದ್ದೆ. "ಮಾತಾಡ್ಸಿದ್ರೂ ಕಣ್ಣೆತ್ತಲಿಲ್ಲ ನೋಡ್ರಿ. ಇಂಥ ಹುಡುಗಿ ಈಗೆಲ್ಲಿ ಸಿಗ್ತಾಳೆ," ಎಂದು ಅತ್ತೆ ಅಲ್ಲೇ ಒಪ್ಪಿಬಿಟ್ಟರು. ಒಳಗೆ ಅವ್ವ ನನ್ನ ಕೈ ಹಿಡಿದು, "ಬಾಯಿ ಬಿಡಬೇಡ ಕಣೆ, ಒಳ್ಳೆ ಮನೆ," ಎಂದಳು. ಕಣ್ಣೆತ್ತಲು ನನಗೆ ಬರುತ್ತಲೇ ಇರಲಿಲ್ಲ. ಅತ್ತಿತ್ತ ಹೊರಳುವ ಗುಡ್ಡೆ ಮೇಲಕ್ಕೆ ಮಾತ್ರ ಹೋಗುತ್ತಿರಲಿಲ್ಲ, ಚಿಕ್ಕಂದಿನಿಂದ ಹಾಗೇ. ಅದು ಗೊತ್ತಿದ್ದದ್ದು ಅವ್ವನಿಗೂ ನನಗೂ ಮಾತ್ರ.

ಮದುವೆಯಾದ ಮೇಲೆ ಅದೇ ಕಣ್ಣು ತಂಟೆ ತಂದಿತು. ನಿಂತವರ ಮುಖ ನೋಡಲು ನಾನು ತಲೆಯನ್ನೇ ಹಿಂದಕ್ಕೆ ವಾಲಿಸಬೇಕಿತ್ತು. ಅತ್ತೆ ಎತ್ತರದ ಆಳು. ಕೂತರೂ ನಡುಮನೆಯ ಮಂಚದ ಮೇಲೆಯೇ. "ಅವತ್ತು ನೆಲ ನೋಡ್ತಿದ್ದೋಳು, ಈಗ ದೊರೆಸಾನಿ ಹಂಗೆ ಗದ್ದ ಎತ್ತುತೀಯಲ್ಲೇ?" ಎನ್ನುತ್ತಾ ಎರಡು ಬೆರಳಿನಿಂದ ನನ್ನ ಗದ್ದವನ್ನು ಕೆಳಕ್ಕೊತ್ತುತ್ತಿದ್ದರು. ಅದೇನು ಹೊಡೆತವಲ್ಲ, ಹಪ್ಪಳದ ಅಂಚು ಒತ್ತಿದಷ್ಟು ಹಗುರ. ಆದರೂ ಬರಬರುತ್ತಾ ನಾನು ಅವರ ಮುಖ ನೋಡುವುದನ್ನೇ ಬಿಟ್ಟೆ.

ಆಮೇಲೆ ಬೆಳಗಾದರೆ ತಲೆನೋವು, ವಾಂತಿ. ಅತ್ತೆಯ ಮುಖ ಅರಳಿತು. "ಮಗು ಬರ್ಲಿ, ಸೊಕ್ಕು ತಾನೇ ಇಳಿಯುತ್ತೆ," ಎಂದು ನಕ್ಕು ನನಗೆಂದೇ ನೆಲ್ಲಿಕಾಯಿ ಉಪ್ಪಿನಕಾಯಿ ಹಾಕಿದರು. ಆದರೆ ನಾನು ಮುಟ್ಟಾದೆ, ವಾಂತಿ ನಿಲ್ಲಲಿಲ್ಲ. ಬಗ್ಗಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಒಂದು ದಿನ ಕಾದ ಕಾವಲಿ ಕಾಣದೆ ಅದರ ಮೇಲೆ ಅಂಗೈ ಊರಿದೆ. ಅತ್ತೆಯೇ ನನ್ನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು.

"ತಲೆ ಅಲ್ಲಾಡಿಸ್ದೆ ನನ್ನ ಬೆರಳು ನೋಡಮ್ಮ," ಎಂದರು ಡಾಕ್ಟರು. ಬೆರಳು ಮೇಲೇರಿತು. ಅದರ ಜೊತೆ ನನ್ನ ಗದ್ದವೂ ಏರಿತು. "ಸ್ವಲ್ಪ ಗದ್ದ ಹಿಡ್ಕೊಳಿ," ಎಂದು ಅವರು ಅತ್ತೆಗೆ ಹೇಳಿದರು. ಅತ್ತೆ ಅದೇ ಎರಡು ಬೆರಳಿನಿಂದ ಹಿಡಿದು, ಮೊದಲ ಬಾರಿಗೆ ಬಗ್ಗಿ ನನ್ನ ಕಣ್ಣನ್ನು ನೋಡಿದರು. ಡಾಕ್ಟರ ಬೆರಳು ನನ್ನ ಹಣೆಯನ್ನೂ ದಾಟಿ ಮೇಲೆ ಹೋಯಿತು. ಗುಡ್ಡೆ ಇದ್ದಲ್ಲೇ ಇತ್ತು.

"ತೊಂದರೆ ಇರೋದು ಕಣ್ಣಲ್ಲಲ್ಲ, ಮಿದುಳಲ್ಲಿ. ಅಲ್ಲಿ ನೀರು ಹರಿಯೋ ದಾರಿ ಹುಟ್ಟಿನಿಂದಲೇ ಕಿರಿದು ಅಂತ ಕಾಣುತ್ತೆ. ನೀರು ಕಟ್ಕೊಂಡು ಒತ್ತುತಿದೆ. ಕಣ್ಣು ಹೇಳ್ತಾನೇ ಇತ್ತಲ್ಲ, ಯಾರೂ ಗಮನಿಸ್ಲಿಲ್ವಾ?"

ಅತ್ತೆ ನನ್ನ ಗದ್ದದಿಂದ ಬೆರಳು ತೆಗೆದರು.

ದೊಡ್ಡಾಸ್ಪತ್ರೆಯಲ್ಲಿ ತಲೆಯಿಂದ ಹೊಟ್ಟೆಯವರೆಗೆ ಸಣ್ಣ ಕೊಳವೆ ಇಳಿಸಿ ನೀರಿಗೆ ದಾರಿ ಮಾಡಿದರು. ತಲೆನೋವು ಹೋಯಿತು. ಎಡಗಣ್ಣು ಉಳಿಯಿತು; ಬಲಗಣ್ಣಿನ ಬೆಳಕು ಮರಳಲಿಲ್ಲ. ಕಣ್ಣೆತ್ತುವುದಂತೂ ಕಡೆಗೂ ಬರಲಿಲ್ಲ. ಮನೆಗೆ ಬಂದ ದಿನವೇ ನಾನು ಬಾಯಿ ಬಿಟ್ಟೆ. "ಅತ್ತೆ, ನಮಗೆ ಗೊತ್ತಿತ್ತು. ಹೇಳಬೇಡ ಅಂದಿದ್ಲು ಅವ್ವ."

ಅತ್ತೆ ಮಂಚದ ಮೇಲಿದ್ದರು. "ಹೇಳದಿದ್ರೇನಾಯ್ತೇ, ದಿನಾ ನಿನ್ನ ಮುಖ ಹಿಡೀತಿದ್ದೋಳು ನಾನಲ್ವಾ," ಎಂದು ಇಳಿದು ಬಂದು ನನ್ನೆದುರು ನೆಲದ ಮೇಲೆ ಕೂತರು.

ಮತ್ತೆ ಅವರು ಆ ಮಂಚ ಹತ್ತಲಿಲ್ಲ. ಮಂಡಿ ಹಿಡಿದ ಕಾಲದಲ್ಲೂ ನನ್ನೊಡನೆ ಮಾತಾಡಬೇಕೆಂದರೆ ಗೋಡೆ ಹಿಡಿದು ನೆಲಕ್ಕಿಳಿಯುತ್ತಿದ್ದರು. "ಸಾಕು, ಮೇಲೆ ಕೂತ್ಕೊಳಿ ಅತ್ತೆ, ನಂಗೇ ಸಂಕಟ ಆಗುತ್ತೆ," ಎಂದರೆ, "ಅಲ್ಲಿಂದ ನಿನ್ನ ಕಣ್ಣು ನಂಗೆ ಕಂಡಿರ್ಲಿಲ್ಲ ಕಣೆ," ಎನ್ನುತ್ತಿದ್ದರು. ಅವರನ್ನು ಮತ್ತೆ ಮಂಚ ಹತ್ತಿಸಲು ನನ್ನಿಂದಾಗಲಿಲ್ಲ.

ಅವರು ಹೋದ ಮೇಲೆ ನಮ್ಮ ಮನೆಯವರು ಪಟಕ್ಕೆಂದು ಬಾಗಿಲ ಮೇಲೆ ಮೊಳೆ ಹೊಡೆದರು. ನಾನು ಅದನ್ನು ಕೀಳಿಸಿ, ಕೂತ ನನ್ನ ಕಣ್ಣಿನ ಮಟ್ಟಕ್ಕೆ ಹೊಡೆಸಿದೆ. ಕೆಳಗಿರುವುದರಿಂದ ಹಪ್ಪಳದ ಹಿಟ್ಟು ಹಾರಿ ಗಾಜಿನ ಮೇಲೆ ಕೂರುತ್ತದೆ. ಸಂಜೆ ಕೆಲಸ ಮುಗಿದಾಗ ಎರಡು ಬೆರಳಿಗೆ ಸೆರಗು ಸುತ್ತಿ, ಹಣೆಯಿಂದ ಗದ್ದದವರೆಗೆ, ಹಗುರವಾಗಿ ಒರೆಸುತ್ತೇನೆ.