ಅತ್ತೆಯ ಊರಿನಲ್ಲಿ ಬಸ್ ಸ್ಟಾಪ್

ಆ ಮನೆಯಲ್ಲಿ ಕಂಪ್ಯೂಟರ್ ಒಂದೇ, ಆಡುವವರು ಮೂವರು. ಆಟವೂ ಒಂದೇ, ಊರು ಕಟ್ಟುವ ಹಳೆಯ ಆಟ. ಅದನ್ನು ಮಾಡಿದ ಕಂಪನಿಯೇ ಬಾಗಿಲು ಹಾಕಿಕೊಂಡು ಯಾವ ಕಾಲವಾಯಿತೋ. ಅದರ ಚಿತ್ರಗಳನ್ನು ನೋಡಿದರೆ ಈಗಿನ ಹುಡುಗರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಅವರ ಮೂಗು ಅವರಿಷ್ಟ. ರಸ್ತೆ ಹಾಕಬೇಕು, ನೀರು ಕೊಡಬೇಕು, ಮನೆ ಕಟ್ಟಬೇಕು, ಆಮೇಲೆ ಜನ ಬರುತ್ತಾರೆ. ಇಷ್ಟಕ್ಕೇ ಮೂವರು ದೊಡ್ಡವರು ಒಂದು ಕುರ್ಚಿಗಾಗಿ ಕಿತ್ತಾಡುತ್ತಿದ್ದರು.

ಕುರ್ಚಿಯ ಮೇಲೆ ಮೊದಲ ಹಕ್ಕು ಅತ್ತೆಯದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕರೆ ಬಂದರೆ ಯಾರು ಬೇಕೆಂದು ಕೇಳಿ, ಇವರ ತಂತಿಯನ್ನು ಅವರ ತಂತಿಗೆ ಜೋಡಿಸುವ ಕೆಲಸ. ಊರಿನ ಅರ್ಧ ಜನದ ದನಿ ಅವರ ಕಿವಿಯಲ್ಲಿತ್ತು, ಒಬ್ಬರ ಮುಖವೂ ಕಂಡಿರಲಿಲ್ಲ. ನಿವೃತ್ತರಾದ ಮೇಲೆ ಈ ಆಟ ಕೈಗೆ ಸಿಕ್ಕಿದ್ದೇ ತಡ, ಆ ದನಿಗಳಿಗೆಲ್ಲ ಒಂದೊಂದು ಮನೆ ಕಟ್ಟಿಕೊಡಲು ಶುರುಮಾಡಿದರು.

ಮನೆಗೆ ಹೆಸರು ಹಾಕುವ ಸೌಲಭ್ಯ ಮೂಲ ಆಟದಲ್ಲಿಲ್ಲ. ಅದಕ್ಕೆ ಮಾಡ್ ಬೇಕು. ಹಳೆಯ ಆಟದ ಮೇಲೆ ಪ್ರೀತಿಯಿರುವ ಯಾರೋ ಪುಣ್ಯಾತ್ಮರು ಮನೆಯಲ್ಲಿ ಕೂತು ಬರೆದು, ಬೇಕಾದವರು ಹಾಕಿಕೊಳ್ಳಲಿ ಎಂದು ಹಂಚುವ ಸೇರ್ಪಡೆಗಳಿಗೆ ಮಾಡ್ ಎನ್ನುತ್ತಾರೆ. ಅತ್ತೆ ಹಾಕಿಕೊಂಡದ್ದು ಬೋರ್ಡಿನ ಮಾಡ್. ಪ್ರತಿ ಮನೆಯ ಮುಂದೆ ಒಂದು ಪುಟ್ಟ ಬೋರ್ಡು, ಅದರಲ್ಲಿ ನಾವು ಬರೆದ ಹೆಸರು. ‘ಬೇಗ ಕೊಡಮ್ಮ ಡಾಕ್ಟರು’, ‘ಕೆಮ್ಮುವ ಮೇಷ್ಟರು’, ‘ದಿನಾ ರಾಂಗ್ ನಂಬರಿನ ಅಜ್ಜಿ’. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಹಿಂದೆ ನಿಂತು ಇವನ್ನು ಓದಿ ಬಿದ್ದು ಬಿದ್ದು ನಕ್ಕಿದ್ದಳು. ಬಿಗುಮಾನದ ಅತ್ತೆ ಅವಳೊಂದಿಗೆ ಮನಸಾರೆ ನಕ್ಕದ್ದು ಅವತ್ತೇ ಮೊದಲು.

ಮಾವ ಬಸ್ ಡ್ರೈವರ್ ಆಗಿದ್ದವರು. ಅವರಿಗೆ ಬೇಕಾದದ್ದು ಬಸ್ಸಿನ ಮಾಡ್. ಬಸ್ಸೂ ಸ್ಟಾಪೂ ಮೂಲ ಆಟದಲ್ಲೇ ಇದ್ದವು, ಗೇರು ಹಾಕುವ ಸದ್ದು, ಸ್ಟಾಪಿನಲ್ಲಿ ಕಾಯುವ ಜನ ಈ ಮಾಡಿನಲ್ಲಿತ್ತು. ಮಗನಿಗೆ ಪ್ರವಾಹ, ಬೆಂಕಿ, ಭೂಕಂಪದ ಮಾಡ್ ಬೇಕು. ಆಫೀಸಿನ ಸಿಟ್ಟನ್ನೆಲ್ಲ ಅವನು ಅಲ್ಲಿ ತೀರಿಸಿಕೊಳ್ಳುತ್ತಿದ್ದ. ಒಂದು ದಿನ ಮೂರನ್ನೂ ಒಟ್ಟಿಗೆ ಹಾಕಿದ. ಬೋರ್ಡಿಗೂ ಬಸ್ಸಿಗೂ ಆಗಿಬರಲಿಲ್ಲ. ಆಟ ತೆರೆಯಲೇ ಇಲ್ಲ. ಬಸ್ಸು ತೆಗೆಯಿರಿ ಎಂದು ಅತ್ತೆ, ಬೋರ್ಡು ತೆಗೆ ಎಂದು ಮಾವ. ಮನೆಯಲ್ಲಿ ಮಾತು ನಿಂತು, ಪಾತ್ರೆಗಳು ಮಾತಾಡತೊಡಗಿದವು.

ಸೊಸೆ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅಲ್ಲಿ ಪ್ರತಿ ರೋಗಿಗೂ ಪ್ರತ್ಯೇಕ ಟ್ರೇ. ಅವರ ಅಚ್ಚು, ಅವರ ಮೇಣ, ಅವರ ಹಲ್ಲು ಎಲ್ಲ ಅದರೊಳಗೇ ಇರಬೇಕು. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದರೆ ಕಥೆ ಮುಗಿಯಿತು. ಆಟಕ್ಕೂ ಅದೇ ಉಪಾಯ ಯಾಕಾಗಬಾರದು ಎಂದು ಅವಳಿಗೆ ಹೊಳೆಯಿತು. ರಜೆಯ ಬೆಳಗ್ಗೆ ಕೂತು, ಇಡೀ ಆಟವನ್ನು ಬೇರೆ ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಒಂದರಲ್ಲಿ ಬೋರ್ಡು, ಒಂದರಲ್ಲಿ ಬಸ್ಸು, ಒಂದರಲ್ಲಿ ಪ್ರಳಯ ಹಾಕಿದಳು. ಫೋಲ್ಡರುಗಳಿಗೆ ‘ಅತ್ತೆ’, ‘ಮಾವ’, ‘ಇವರು’ ಎಂದು ಹೆಸರಿಟ್ಟಳು. ಎಲ್ಲವೂ ಥಟ್ಟನೆ ತೆರೆದುಕೊಂಡವು. ಅತ್ತೆ ತಮ್ಮ ಊರನ್ನೊಮ್ಮೆ ಸುತ್ತಿ ಬಂದು, ಪರವಾಗಿಲ್ಲ, ಕೆಲಸ ಅಚ್ಚುಕಟ್ಟಾಗಿದೆ ನಿನ್ನದು ಎಂದರು. ಆ ಅತ್ತೆಯ ಬಾಯಲ್ಲಿ ಅದು ಸನ್ಮಾನವೇ ಸರಿ. ಸೊಸೆಗೆ ದಿನವಿಡೀ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ವಾರ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಅತ್ತೆ ಒಳಗಿನಿಂದ ಕರೆದರು. ದನಿಯಲ್ಲಿ ಏನೋ ಸರಿಯಿರಲಿಲ್ಲ. ಹೋಗಿ ನೋಡಿದರೆ ಪರದೆಯ ಮೇಲೆ ಅದೇ ಊರು, ಅದೇ ಬೀದಿಗಳು, ಅದೇ ಮನೆಗಳು. ಬೋರ್ಡುಗಳು ಮಾತ್ರ ಇಲ್ಲ. ಡಾಕ್ಟರಿಲ್ಲ, ಮೇಷ್ಟರಿಲ್ಲ, ಅಜ್ಜಿಯಿಲ್ಲ. ಯಾರದೋ ಊರಿಗೆ ತಪ್ಪಿ ಬಂದವರ ಹಾಗೆ ಅತ್ತೆ ಮೌಸ್ ಹಿಡಿದು ಬೀದಿಯಿಂದ ಬೀದಿಗೆ ಹೋಗುತ್ತಿದ್ದರು.

ಸೊಸೆ ಫೋಲ್ಡರುಗಳನ್ನೆಲ್ಲ ತೆರೆದು ನೋಡಿದಳು. ಹುಡುಕಿದ ಮೇಲೆ ತಪ್ಪು ಗೊತ್ತಾಯಿತು, ಅದು ತನ್ನದೇ ಎಂಬುದೂ ಗೊತ್ತಾಯಿತು. ಆಟ ಬೇರೆ ಬೇರೆ ಫೋಲ್ಡರಿನಲ್ಲಿದ್ದರೂ, ಕಟ್ಟಿದ ಊರುಗಳನ್ನು ಅದು ಆ ಫೋಲ್ಡರುಗಳಲ್ಲಿ ಇಡುವುದೇ ಇಲ್ಲ. ಯಾರು ಆಡಿದರೂ ಕಂಪ್ಯೂಟರಿನ ಬೇರೊಂದು ಮೂಲೆಯಲ್ಲಿ ಎಲ್ಲ ಊರುಗಳನ್ನೂ ಒಟ್ಟಿಗೆ ಹಾಕುತ್ತದೆ. ಯಾರೋ ಅತ್ತೆಯ ಊರನ್ನು ಬೋರ್ಡಿನ ಮಾಡ್ ಇಲ್ಲದ ಕಾಪಿಯಲ್ಲಿ ತೆರೆದಿದ್ದಾರೆ. ಈ ಬೋರ್ಡುಗಳೇನೆಂದು ಆ ಕಾಪಿಗೆ ತಿಳಿಯದೆ ಎಲ್ಲವನ್ನೂ ಕಿತ್ತು ಬಿಸಾಕಿ, ತಾನಾಗಿಯೇ ಸೇವ್ ಮಾಡಿಕೊಂಡಿದೆ. ಟ್ರೇ ಟ್ರೇ ಎಂದು ಕುಣಿದವಳು ಹಲ್ಲುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದಿದ್ದಳು. ಊರಿನ ಕಾಪಿಯೊಂದನ್ನು ಬೇರೆ ತೆಗೆದಿಡಬೇಕೆಂಬುದೂ ಆ ಉತ್ಸಾಹದಲ್ಲಿ ತಲೆಗೆ ಹೋಗಿರಲಿಲ್ಲ.

“ನನ್ನದೇ ತಪ್ಪು ಅತ್ತೆ,” ಎಂದಳು. “ಊರುಗಳನ್ನ ಬೇರೆ ಬೇರೆ ಇಡಬೇಕಿತ್ತು. ಇಡಲಿಲ್ಲ. ಹೆಸರುಗಳು ವಾಪಸ್ ಬರಲ್ಲ.”

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟರು. ಅವರ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಎದುರಿಗೆ, ಹಿಂದೆಂದೂ ಇಲ್ಲದ ಒಂದು ಬಸ್ ಸ್ಟಾಪು ನಿಂತಿತ್ತು. ಬಾಗಿಲ ಬಳಿ ಪೇಪರ್ ಓದುವ ನೆಪದಲ್ಲಿದ್ದ ಮಾವ ಪೇಪರನ್ನು ಇನ್ನಷ್ಟು ಮೇಲೆತ್ತಿದರು.

ಎಷ್ಟು ಹೊತ್ತು ಎತ್ತಿಹಿಡಿಯಲು ಸಾಧ್ಯ? ಕೊನೆಗೆ ಬಾಯಿಬಿಟ್ಟರು. ಎಲ್ಲರಿಗೂ ಮನೆ ಕಟ್ಟಿದವಳು ತನಗೊಂದು ಕಟ್ಟಿದ್ದಾಳೋ ಇಲ್ಲವೋ ನೋಡೋಣವೆಂದು ತಮ್ಮ ಕಾಪಿಯಲ್ಲೇ ಆ ಊರನ್ನು ತೆರೆದರಂತೆ. ಒಂದು ಹೆಸರೂ ಕಾಣಲಿಲ್ಲವಂತೆ. ಹೋಗಲಿ, ಕೆಲಸ ಮುಗಿಸಿ ಬರುವಾಗ ಇವಳಿಗೆ ಅನುಕೂಲವಾಗಲಿ ಎಂದು ಒಂದು ಸ್ಟಾಪು ಹಾಕಿ ಎದ್ದರಂತೆ. ಅತ್ತೆ ಕಂಪ್ಯೂಟರ್ ಆರಿಸಿ ಅಡಿಗೆಮನೆಗೆ ಹೋದರು.

ಆಮೇಲಿನ ದಿನಗಳಲ್ಲಿ ಆ ಕುರ್ಚಿಯ ಹತ್ತಿರ ಯಾರೂ ಸುಳಿಯಲಿಲ್ಲ. ಸೊಸೆ ಲ್ಯಾಬಿನಲ್ಲಿ ಮೇಣ ಕೊರೆಯುತ್ತಾ ಕಣ್ಣೊರೆಸಿಕೊಂಡಳು. ಊರುಗಳಿಗೂ ಪ್ರತ್ಯೇಕ ಜಾಗ ಮಾಡಿದ್ದಾಯಿತು. ಈಗ ಮಾಡಿ ಏನು ಬಂತು? ಕಡೆಗೆ ಧೈರ್ಯ ತಂದುಕೊಂಡು ಅತ್ತೆಯ ಮುಂದೆ ನಿಂತಳು. ನೀವು ಒಂದೊಂದೇ ಮನೆ ತೋರಿಸಿ ಹೆಸರು ಹೇಳಿ, ನಾನು ಟೈಪ್ ಮಾಡುತ್ತೇನೆ ಎಂದಳು. ಅತ್ತೆ ತರಕಾರಿ ಹೆಚ್ಚುತ್ತಲೇ ಇದ್ದರು. ಸಿಟ್ಟು ಇಳಿದಿಲ್ಲವೆಂದು ಸೊಸೆ ತಿರುಗಿದಾಗ ಮಾತು ಬಂತು.

“ಕೂತ್ಕೊಂಡ ಮೇಲೆ ಒಂದೂ ನೆನಪಾಗದೇ ಹೋದ್ರೆ?”

ಆಗ ಸೊಸೆಗೆ ಅರ್ಥವಾಯಿತು. ಅತ್ತೆಗೆ ಸಿಟ್ಟಲ್ಲ, ಭಯ. ಆ ದನಿಗಳು ಎಂದೋ ನಿಂತುಹೋಗಿದ್ದವು. ಬೋರ್ಡಿನ ಮೇಲಾದರೂ ಉಳಿದಿದ್ದವು. ಈಗ ತಲೆಯಲ್ಲೂ ಇಲ್ಲವೆಂದರೆ ಅಷ್ಟು ವರ್ಷದ ಕೆಲಸ ಎಲ್ಲಿತ್ತು ಎಂದು ಹುಡುಕುವುದು? ಅಯ್ಯೋ ಪಾಪ ಎನಿಸಿತು ಅವಳಿಗೆ. ಚಾಕು ತೆಗೆದು ಬದಿಗಿಟ್ಟು, ಅತ್ತೆಯ ಒದ್ದೆ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು.

ಮೊದಲ ಮನೆಯನ್ನು ಅತ್ತೆ ದಿಟ್ಟಿಸಿದರು, ಏನೂ ಹೊಳೆಯಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡರು. ಕಣ್ಣು ಮುಚ್ಚಿದ್ದೇ ಒಳ್ಳೆಯದಾಯಿತು. ಅವರಿಗೆ ಜನ ಗೊತ್ತಿದ್ದದ್ದೇ ಕಿವಿಯಿಂದ. ಸೊಸೆ ಇದು ನೀರಿನ ಟ್ಯಾಂಕಿನ ಪಕ್ಕದ್ದು, ಇದು ಮೂಲೆಯದು ಎನ್ನುವಳು. ಅತ್ತೆ ಆ ಮನೆಯವರ ದನಿಯಲ್ಲೇ ಮಾತಾಡುವರು. ಕೆಮ್ಮಿದರು, ಗದರಿದರು, ನಂಬರು ಮರೆತು ತಡವರಿಸಿದರು. ಮೇಷ್ಟರು ಬಂದರು, ಅಜ್ಜಿ ಬಂದಳು. ಬೀದಿಗೆ ಬೀದಿಯೇ ತುಂಬತೊಡಗಿತು. ಎಲ್ಲರೂ ಬರಲಿಲ್ಲ. ಕೆಲವು ಮನೆಗಳ ಮುಂದೆ ಅತ್ತೆ ತಲೆಯಾಡಿಸಿದರು. ಆ ಬೋರ್ಡುಗಳು ಖಾಲಿ ಉಳಿದವು. ಒಮ್ಮೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಸೊಸೆ ಕಾದಳು.

ಇಷ್ಟರಲ್ಲಿ ಮಾವ ಬಾಗಿಲಿನಿಂದ ಸ್ಟೂಲಿಗೆ, ಸ್ಟೂಲಿನಿಂದ ಮೇಜಿನ ಹತ್ತಿರಕ್ಕೆ ಸರಿದಿದ್ದರು. ಅತ್ತೆ, ‘ದೂರ ಹೋಗಿ’ ಎನ್ನಲಿಲ್ಲ. ಎಕ್ಸ್‌ಚೇಂಜಿಗೆ ಅಂಟಿಕೊಂಡಂತೆ ಒಂದು ಮನೆಯಿತ್ತು, ಊರಿಗೆಲ್ಲ ಚೆಂದದ್ದು, ಹಿಂದೆ ತೋಟವಿದ್ದದ್ದು. ಇದು ಯಾರದು ಎಂದು ಸೊಸೆ ಕೇಳಿದಳು. ಅತ್ತೆ ಕಣ್ಣು ತೆರೆದರು. ಮರೆತಿರಬೇಕೆಂದು ಸೊಸೆ ಮುಂದಿನ ಮನೆಗೆ ಹೋಗುತ್ತಿದ್ದಳು, ಅತ್ತೆ ಕೈ ತಡೆದರು.

“‘ಟೈಮೆಷ್ಟು ಮೇಡಂ’ ಅಂತ ಬರಿ,” ಎಂದರು. “ನಾನು ಕೆಲಸಕ್ಕೆ ಸೇರಿದ ಹೊಸದು. ಒಬ್ಬರು ಬಸ್ ಡಿಪೋದಿಂದ ದಿನಾ ಫೋನ್ ಮಾಡೋರು. ಯಾವ ನಂಬರೂ ಬೇಡ. ಟೈಮೆಷ್ಟು ಮೇಡಂ ಅಂತ ಕೇಳೋದು, ಇಟ್ಟುಬಿಡೋದು.”

ಸೊಸೆಯ ಬೆರಳು ಕೀಲಿಗಳ ಮೇಲೆ ನಿಂತಿತು. ಮಾವನ ಮುಖ ಕಿವಿಯವರೆಗೂ ಕೆಂಪಾಯಿತು. ಡಿಪೋದ ಗೋಡೆಯಲ್ಲಿ ಗಡಿಯಾರ ಇದ್ದೇ ಇತ್ತು ಎಂದು ಅವರೇನೂ ಬಾಯಿಬಿಡಬೇಕಾಗಿರಲಿಲ್ಲ. ಮದುವೆಯಾಗಿ ಇಷ್ಟು ಕಾಲ, ಮಗನ ಮದುವೆಯೂ ಆಗಿಹೋಗಿ, ಈ ಒಂದು ವಿಷಯ ತನ್ನ ಜೊತೆಯಲ್ಲೇ ಮಣ್ಣಾಗುತ್ತದೆಂದು ಆ ಮನುಷ್ಯ ನಂಬಿಕೊಂಡಿದ್ದರು.

“ನಿನಗೆ ಗೊತ್ತಿತ್ತಾ?”

“ನಿಮ್ಮ ಬಸ್ಸಲ್ಲೇ ಅಲ್ವಾ ನಾನು ಬರ್ತಿದ್ದಿದ್ದು? ಒಂದಿನ ಹಿಂದೆ ತಿರುಗಿ, ‘ಒಳಗೆ ಹೋಗಿ’ ಅಂತ ಕೂಗಿದ್ರಿ. ಅವತ್ತೇ ಗೊತ್ತಾಯ್ತು.”

“ಮತ್ತೆ ಹೇಳಲೇ ಇಲ್ಲ?”

“ಹೇಳಿದ್ರೆ ನೀವು ಫೋನ್ ಮಾಡೋದು ನಿಲ್ಲಿಸ್ತಿದ್ರಿ.”

ಮಾವ ಕುರ್ಚಿಯ ಪಕ್ಕಕ್ಕೇ ಬಂದು ನಿಂತರು. ಅತ್ತೆ ಅವರ ಕಡೆ ನೋಡಲಿಲ್ಲ. ಅದಕ್ಕೂ ಒಂದು ನಾಚಿಕೆ ಇರುತ್ತದಲ್ಲ. ಸ್ವಲ್ಪ ಸರಿದು, ತಮ್ಮ ಕುರ್ಚಿಯಲ್ಲೇ ಅವರಿಗೊಂದಿಷ್ಟು ಜಾಗ ಬಿಟ್ಟರು. ಮಾವ ಅರ್ಧ ಕುರ್ಚಿಯ ಮೇಲೆ, ಅರ್ಧ ಗಾಳಿಯಲ್ಲಿ ಕೂತರು. ಸೊಸೆ ಕಣ್ಣೀರು ಒರೆಸಿಕೊಂಡು ಆ ಹೆಸರನ್ನು ಟೈಪ್ ಮಾಡಿ, ಮುಂದಿನ ಮನೆ ಯಾರದು ಎಂದು ಕೇಳಿದಳು.