ಹಾಲವ್ವನ ಬೇವಿನ ತೊಟ್ಟಿಲು

ನಾನು ಒಂದು ತೊಟ್ಟಿಲು. ಬೇವಿನ ಮರದ್ದು. ಮೈಮೇಲೆ ಹೂವಿಲ್ಲ, ಗಿಳಿಯಿಲ್ಲ, ಬಣ್ಣವಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕೊಂಡಿ, ತೂಗುಹಾಕಲು ಸರಪಳಿ, ಅಷ್ಟೆ. ಆದರೆ ನನ್ನನ್ನು ಮಾಡಿದ ಬಡಿಗೇರ ಮೌನೇಶಪ್ಪ ಒಳಮೈಯನ್ನು ಮೂರು ದಿನ ಉಜ್ಜಿದ್ದ. ಕೊನೆಗೆ ತನ್ನ ಕೆನ್ನೆಯನ್ನೇ ಹಲಗೆಗೆ ಒತ್ತಿ ಸವರಿ ನೋಡಿದ. ಎಲ್ಲಿಯೂ ಸಿಬಿರು ತಾಕದೆಂದು ಖಾತ್ರಿಯಾದ ಮೇಲೆಯೇ ನನ್ನನ್ನು ಬಂಡಿಗೆ ಏರಿಸಿದ.

ಚೊಚ್ಚಲ ಮಗುವಿಗೆ ತವರಿನವರು ತೊಟ್ಟಿಲು ಕೊಡುವುದು ಪದ್ಧತಿ. ಹಾಲವ್ವನ ತವರು ಬಡವರದು. ಗಂಡನ ಮನೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ್ದು, ನಾಲ್ಕು ಗೋದಾಮುಗಳ ಮನೆ. ಅಲ್ಲಿ ಬೆಳ್ಳಿ ತಗಡು ಹೊದಿಸಿದ ತೊಟ್ಟಿಲು ಮೊದಲೇ ಇತ್ತು. ನನ್ನನ್ನು ಪಡಸಾಲೆಯಲ್ಲಿ ಇಳಿಸಿದಾಗ ಅವಳ ಗಂಡ ಮುಖ ಸಿಂಡರಿಸಿದ.

‘ಇದನ್ನ ಅಟ್ಟದ ಮ್ಯಾಲ ಇಡು. ನಾಕು ಮಂದಿ ನೋಡಿದ್ರ ಏನಂದಾರು?’

ಹಾಲವ್ವ ತಣ್ಣಗೆ ಕೇಳಿದಳು: ‘ಬೆಳ್ಳಿ ತೊಟ್ಟಿಲದಾಗ ಹಾಕಿದ್ರ ಕೂಸು ಬೆಳ್ಳಿ ಉಚ್ಚಿ ಹೊಯ್ತೈತೇನ್ರಿ?’

ಅವನಿಗೂ ನಗು ಬಂತು. ಮಗ ಮುರಿಗೆಪ್ಪ ನನ್ನಲ್ಲೇ ಬೆಳೆದ.

ಹಾಲವ್ವನಿಗೆ ಮನೆತುಂಬ ಆಳುಗಳಿದ್ದರು. ಆದರೂ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಅವಳೂ ಕೂರುತ್ತಿದ್ದಳು. ಮಗು ಅತ್ತರೆ ಓಡಿ ಬರುವಳು, ಬಂದವಳೇ ಮಗುವನ್ನು ಮುಟ್ಟುತ್ತಿರಲಿಲ್ಲ. ಉರಿಯುವ ಬೆರಳನ್ನು ಮೊದಲು ಮಜ್ಜಿಗೆಯಲ್ಲಿ ಅದ್ದಿ, ಎಣ್ಣೆ ಸವರಿ, ಸೆರಗಿಗೆ ಒರೆಸಿಕೊಳ್ಳುವಳು. ಅಲ್ಲಿಯವರೆಗೆ ಮೊಣಕಾಲಿನಿಂದ ನನ್ನನ್ನು ತೂಗುತ್ತ, ‘ಬಂದೆ ನನ್ನಪ್ಪಾ, ಬಂದೆ’ ಎನ್ನುವಳು.

ಮುರಿಗೆಪ್ಪ ನಡೆಯಲು ಕಲಿತ ವರ್ಷವೇ ತೊಟ್ಟು ಬಿಡಿಸುವ ದುರ್ಗವ್ವನಿಗೆ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ಹಾಲವ್ವ ನನ್ನನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು. ದುರ್ಗವ್ವನ ಮನೆಗೆ ಒಯ್ಯಲು ಆಳು ಒಂದು ಕಡೆ ಹಿಡಿದ, ಇನ್ನೊಂದು ಕಡೆ ಅವಳೇ ಹಿಡಿದಳು. ನಡುಬೀದಿಯಲ್ಲಿ ಯಾರೋ, ‘ಸಾವ್ಕಾರ್ತಿ ಹಮಾಲಿ ಮಾಡಾಕ ಹತ್ಯಾಳ’ ಎಂದು ಚೇಷ್ಟೆ ಮಾಡಿದರು. ‘ಕೂಲಿ ಕೊಡು ಹಂಗಾದ್ರ’ ಎಂದಳು ಅವಳು, ನಿಲ್ಲದೆ.

ಅಂದಿನಿಂದ ನಾನು ಆ ಓಣಿಯ ತೊಟ್ಟಿಲಾದೆ. ಹಮಾಲರ ಮನೆ, ಬಳೆಗಾರರ ಮನೆ, ಪಿಂಜಾರರ ಮನೆ, ಮಾಸ್ತರರ ಮನೆ. ತೊಟ್ಟಿಲು ಖಾಲಿ ಮರಳಬಾರದೆಂದು ಜನ ನನ್ನೊಳಗೆ ಒಂದು ಹಿಡಿ ಜೋಳ ಹಾಕಿ ಕಳಿಸುತ್ತಿದ್ದರು. ಆ ಜೋಳವನ್ನು ಹಾಲವ್ವ ತನ್ನ ಮನೆಯ ಕಣಜಕ್ಕೆ ಸೇರಿಸಲಿಲ್ಲ. ಮುಂದಿನ ಬಾಣಂತಿಯ ಮನೆಗೆ ನನ್ನ ಜೊತೆಗೇ ಅದೂ ಹೋಗುತ್ತಿತ್ತು. ನನ್ನ ಅಂಚಿಗೆ ಎಷ್ಟೋ ಹಲ್ಲಿನ ಗುರುತು ಬಿದ್ದವು. ನನ್ನನ್ನು ಕೇಳಲು ಬಂದವರಾರೂ ಬಾಗಿಲಲ್ಲಿ ತಡವರಿಸಿದ್ದನ್ನು ನಾನು ಕಾಣೆ. ‘ಯವ್ವಾ, ತೊಟ್ಟಿಲ ಖಾಲಿ ಐತೇನ?’ ಎಂದು ಬೀದಿಯಿಂದಲೇ ಕೂಗುತ್ತಿದ್ದರು.

ಹಾಲವ್ವ ತೀರಿಕೊಂಡ ದಿನ ನಾನು ಹಮಾಲರ ಮನೆಯೊಂದರಲ್ಲಿದ್ದೆ. ಅವಳನ್ನು ಕೊನೆಯ ಸಲ ನೋಡಲಾಗಲಿಲ್ಲ. ತಿಂಗಳ ಮೇಲೆ ಮನೆಗೆ ಬಂದಾಗ ನನ್ನ ಒಂದು ಪಟ್ಟಿ ಮುರಿದಿತ್ತು. ಮುರಿಗೆಪ್ಪ ಅದನ್ನು ಹಿಡಿದು ಮಗುವಿನಂತೆ ಅತ್ತ. ‘ಅವ್ವ ಮುಟ್ಟಿದ್ದು ಇದೊಂದ ಉಳಿದೈತಿ. ಇದೂ ಹಿಂಗ ಹೋದ್ರ?’ ಎಂದ.

ಅವನು ಕೆಟ್ಟ ಮಗನಲ್ಲ. ಅವ್ವನ ಮೇಲಿನ ಪ್ರೀತಿಯಿಂದಲೇ ಎಲ್ಲವನ್ನೂ ಮಾಡಿಸಿದ. ಪಟ್ಟಿ ಹೊಸದಾಯಿತು. ಹಲ್ಲಿನ ಗುರುತುಗಳ ಮೇಲೆ ವಾರ್ನಿಷ್ ಹರಿಯಿತು. ಪಡಸಾಲೆಯಲ್ಲಿ ಗಾಜಿನ ಕಪಾಟು ಬಂತು, ಒಳಗೊಂದು ದೀಪ, ಹೊರಗೊಂದು ಬೀಗ. ‘ಮಾತೋಶ್ರೀ ಹಾಲವ್ವನವರ ಸರಳ ಜೀವನದ ಕುರುಹು’ ಎಂಬ ಹಿತ್ತಾಳೆಯ ಫಲಕ. ಬಂದವರೆಲ್ಲ ಕೈ ಮುಗಿದರು. ನನಗೆ ನಾಚಿಕೆಯಾಯಿತು.

ಮೂರು ತಿಂಗಳಿಗೆ ದುರ್ಗವ್ವ ಬಂದಳು. ತಲೆ ನರೆತಿತ್ತು. ಅವಳ ಮಗಳು ಗಂಡು ಹಡೆದಿದ್ದಳು, ಮರುದಿನ ಹೆಸರಿಡುವುದಿತ್ತು.

‘ತೊಟ್ಟಿಲ ಒಯ್ಯಾಕ ಬಂದೀನ್ರಿ ಸಾವ್ಕಾರ್ರ.’

ಮುರಿಗೆಪ್ಪ ಮೆಲ್ಲಗೆ ಹೇಳಿದ: ‘ಅದನ್ನ ಇನ್ನ ಹೊರಗ ಕೊಡೂದಿಲ್ಲ ದುರ್ಗವ್ವ, ಅವ್ವನ ನೆನಪಿಗೆ ಇಟ್ಟೀನಿ. ನಿಮಗ ಹೊಸಾದು ಕೊಡಸ್ತೀನಿ, ಸ್ಟೀಲಿಂದು. ಅದು ನಿಮ್ಮ ಮನ್ಯಾಗ ಇರಲಿ.’

ದುರ್ಗವ್ವ ಗಾಜಿನ ಮೇಲೆ ಅಂಗೈ ಇಟ್ಟಳು.

‘ಹೊಸಾದು ಬ್ಯಾಡ್ರಿ ಯಪ್ಪಾ. ಮಗಳು ಮಲಗಿದ್ದ ತೊಟ್ಟಿಲದಾಗ ಮಮ್ಮಗನ್ನ ಹಾಕೂ ಆಸೆ ಇತ್ತು. ಇರಲಿ ಬಿಡ್ರಿ.’

ಆ ಮಗುವನ್ನು ತೊಲೆಗೆ ಕಟ್ಟಿದ ಸೀರೆಯಲ್ಲಿ ಮಲಗಿಸಿದರಂತೆ. ಆಮೇಲೆ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಐದನೆಯ ಪುಣ್ಯತಿಥಿಗೆ ಪಡಸಾಲೆ ತುಂಬಿತ್ತು. ದೊಡ್ಡವರೆಲ್ಲ ಮಾತಾಡಿದ ಮೇಲೆ ಮುರಿಗೆಪ್ಪ, ‘ದುರ್ಗವ್ವ, ನೀನೂ ಅವ್ವನ ಬಗ್ಗೆ ಎರಡು ಮಾತ ಹೇಳು’ ಎಂದ. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

‘ನನಗೇನ ಮಾತ ಬರ್ತಾವ್ರಿ. ಅಕಿ ಇದ್ದಾಗ ಈ ಮನಿಗೆ ಬಂದು ಕೇಳಾಕ ನಮಗ ನಾಚಿಕಿ ಆಗತಿದ್ದಿಲ್ಲ. ಈಗ ಆಗತೈತಿ. ಅಷ್ಟ ನೋಡ್ರಿ.’

ಮುರಿಗೆಪ್ಪ ಅಂದು ಊಟದ ಪಂಕ್ತಿಯಲ್ಲಿ ಕೂರಲಿಲ್ಲ.

ಮಾರನೆಯ ದಿನವೇ ಕಪಾಟಿನ ಬೀಗ ತೆಗೆದ. ಓಣಿಯಲ್ಲಿ ಹಮಾಲ ಯಲ್ಲಪ್ಪನ ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆಂದು ತಿಳಿದು, ಆಳಿನ ಜೊತೆ ತಾನೇ ಒಂದು ಕಡೆ ಹಿಡಿದು ನನ್ನನ್ನು ಅಲ್ಲಿಗೆ ಹೊತ್ತೊಯ್ದ. ಅವನಿಗೆ ರೂಢಿಯಿಲ್ಲ, ಎರಡು ಸಲ ಇಳಿಸಿ ಉಸಿರು ಬಿಟ್ಟ. ಯಲ್ಲಪ್ಪ ಗಾಬರಿಯಾಗಿ ಹೊರಗೆ ಬಂದ.

‘ಬ್ಯಾಡ್ರಿ ಸಾವ್ಕಾರ್ರ. ಇಂಥಾ ಸಾಮಾನ ನಮ್ಮನ್ಯಾಗ ಎಲ್ಲಿಡೂನ್ರಿ? ಒಂದ ಗೀರ ಬಿದ್ರ ನಾವು ಏನ ಹೇಳೂನು?’

‘ಗೀರ ಬೀಳಲಿ ಬಿಡೋ ಯಲ್ಲಪ್ಪ’ ಎಂದ ಮುರಿಗೆಪ್ಪ. ‘ಅದಕ್ಕ ತಂದೀನಿ.’

ಯಲ್ಲಪ್ಪ ಕೈ ಮುಗಿದುಕೊಂಡೇ ನಿಂತ, ಬಾಗಿಲು ಬಿಟ್ಟು ಸರಿಯಲಿಲ್ಲ. ಅವರು ನನ್ನನ್ನು ಮರಳಿ ಹೊತ್ತು ತಂದರು.

ಈಗ ನನಗೆ ಕಪಾಟಿಲ್ಲ. ಫಲಕವನ್ನೂ ಮುರಿಗೆಪ್ಪ ಕೀಳಿಸಿದ್ದಾನೆ. ಬೀದಿಯ ಕಡೆಯ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇದ್ದೇನೆ. ಎರಡು ವರ್ಷವಾಯಿತು. ಜನ ನೋಡುತ್ತಾರೆ, ನಮಸ್ಕಾರ ಮಾಡಿ ಹೋಗುತ್ತಾರೆ. ಹಾಲವ್ವ ಬಿಟ್ಟುಹೋದ ಆಸ್ತಿ ನಾನೆಂದು ಮಗ ತಿಳಿದ, ಒಂದು ಕಾಲಕ್ಕೆ ನಾನೂ ಹಾಗೆಯೇ ತಿಳಿದಿದ್ದೆ. ಅವಳು ಬಿಟ್ಟುಹೋದದ್ದು ಬೀದಿಯಿಂದ ಕೂಗಿ ಕೇಳುವ ಆ ಸಲಿಗೆ. ಅದನ್ನು ಒರೆಸಿಡಲು ಬರುವುದಿಲ್ಲ, ದಿನವೂ ಬಳಸಬೇಕಾಗಿತ್ತು.

ಓಣಿಯ ಆ ತುದಿಯಲ್ಲಿ ಈಗಲೂ ಒಂದು ಮಗು ಅಳುತ್ತಿದೆ. ಅದು ಹಸಿವಿನ ಅಳುವಲ್ಲ, ನಿದ್ದೆಯದು. ನನಗೆ ಗೊತ್ತಾಗುತ್ತದೆ. ಎದ್ದು ಹೋಗೋಣವೆಂದರೆ ತೂಗುವ ತೊಟ್ಟಿಲಿಗೆ ಕಾಲಿರುವುದಿಲ್ಲ. ಹಾಲವ್ವನೇ ನನ್ನ ಕಾಲಾಗಿದ್ದಳು.